ಓಟಕಾಮ್ ಏರು, ಸುಗಟೂರಿನ ಹುಳುಮನೆ

ಚಪ್ಪಲಿ ಹೊರಗೇ ಬಿಡಿ. ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ಕೈ ತೊಳೆದುಕೊಳ್ಳಿ. ಬೀಡಿಯೋ ಹೊಗೆಸೊಪ್ಪೋ ಮುಟ್ಟಿದ ಕೈಯಾದರೆ ಸೋಪು ಹಚ್ಚಿ ಇನ್ನೊಂದು ಸಲ ತೊಳೆಯಿರಿ. ರೇಷ್ಮೆ ಹುಳುವಿಗೆ ಅದು ಸೋಕಿದರೂ ಆಗದು. ಈಗ ತಲೆ ಬಗ್ಗಿಸಿ ಒಳಗೆ ಬನ್ನಿ.

2025ರ ಜುಲೈ 17, ಗುರುವಾರ, ರಾತ್ರಿ ಎಂಟು ದಾಟಿದೆ. ಊರು ಕೋಲಾರ ತಾಲ್ಲೂಕಿನ ಸುಗಟೂರು. ಹೊಸಕೋಟೆಯ ಕೋಟೆ ಕಟ್ಟಿಸಿದ ತಮ್ಮೇಗೌಡ ಇದೇ ಸುಗಟೂರಿನ ಪಾಳೆಯಗಾರ. ಇವತ್ತು ಊರು ನಡೆಯುವುದು ರಾಗಿ, ಟೊಮೆಟೊ, ಡೇರಿಯ ಹಾಲು, ಹಿಪ್ಪುನೇರಳೆಯ ಮೇಲೆ. ಆಷಾಢದ ಗಾಳಿಗೆ ಹುಳುಮನೆಯ ಕಿಟಕಿಯ ಸೊಳ್ಳೆಪರದೆ ಉಬ್ಬಿ ಇಳಿಯುತ್ತಿದೆ.

ಹುಳು ಹಣ್ಣಾಗಿವೆ. ಮೂರೂವರೆ ವಾರ ಬಿಡದೆ ಸೊಪ್ಪು ತಿಂದ ಹುಳುಗಳು ಇವತ್ತು ಸಂಜೆಯಿಂದ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅತ್ತಿತ್ತ ಹುಡುಕಾಡತೊಡಗಿವೆ. ಒಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯಿರಿ. ಬೆಳ್ಳಗಿದ್ದ ಮೈ ಹಳದಿಗೆ ತಿರುಗಿದೆ, ಬೆಳಕು ಅದರ ಒಳಗಿನಿಂದ ಹಾಯ್ದು ಈಚೆ ಬರುತ್ತದೆ. ಕೆಳಗಿಡುವಷ್ಟರಲ್ಲಿ ಬೆರಳಿಗೆ ಕಂಡೂ ಕಾಣದ ಒಂದು ಎಳೆ ಅಂಟಿರುತ್ತದೆ. ಹೀಗೆ ಹಣ್ಣಾದದ್ದನ್ನು ಮಾತ್ರ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಹಸಿ ಹುಳುವನ್ನು ಅಲ್ಲೇ ಬಿಡಬೇಕು, ಅದಿನ್ನೂ ತಿನ್ನುವುದಿದೆ. ಬೆಳಗಿನವರೆಗೆ ತಡೆದರೆ ಸೊಪ್ಪಿನ ಕಡ್ಡಿಗಳ ನಡುವೆಯೇ ಗೂಡು ಕಟ್ಟಿಬಿಡುತ್ತವೆ, ಮಾರ್ಕೆಟ್ಟಿನಲ್ಲಿ ಅಂಥ ಗೂಡಿಗೆ ಬೆಲೆ ಇಲ್ಲ. ಒಬ್ಬಿಬ್ಬರಿಂದ ಮುಗಿಯುವ ಕೆಲಸ ಇದಲ್ಲ. ಅದಕ್ಕೇ ಅಕ್ಕಪಕ್ಕದವರು ಬಂದು ಕೂತಿದ್ದಾರೆ, ನೀವೂ ಕೂತುಕೊಳ್ಳಿ. ಹುಳು ಸಾಕುವ ಸ್ಟ್ಯಾಂಡಿನ ಮಧ್ಯದ ಅಂಕಣದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ, ಒಂದು ಮೊಬೈಲು ಒರಗಿಸಿಟ್ಟಿದೆ. ಅದರೊಳಗೆ ಫ್ರಾನ್ಸಿನ ಸಂಜೆ ಬಿಸಿಲು, ಪಿರನೀಸ್ ಬೆಟ್ಟಸಾಲು, ಬೆವರಿನಲ್ಲಿ ತೊಯ್ದ ಸೈಕಲ್ ಸವಾರರು.

ಮೊಬೈಲು ಈ ಮನೆಯ ಹುಡುಗನದು. ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಇವತ್ತು ಮೊದಲ ಶಿಫ್ಟು ಮುಗಿಸಿ ಬಂದಿದ್ದಾನೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತಲ್ಲ, ಅವನ ಮೊದಲ ಸೈಕಲ್ಲು ಅದೇ. ಅದರಲ್ಲೇ ಹೈಸ್ಕೂಲು ಮುಗಿಸಿದ. ಈಗಿರುವುದು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಸಿಕ್ಕ ಗೇರ್ ಸೈಕಲ್ಲು. ರಜೆ ಸಿಕ್ಕರೆ ಕೋಲಾರದ ಶತಶೃಂಗ ಬೆಟ್ಟದ ಮೇಲಿನ ತೇರಹಳ್ಳಿಗೆ ಹತ್ತುತ್ತಾನೆ. ಜೊತೆ ಸಿಕ್ಕರೆ ನಂದಿಬೆಟ್ಟ. ಅವನಮ್ಮನನ್ನು ಇಲ್ಲಿ ಎಲ್ಲರೂ ಅಕ್ಕ ಎನ್ನುತ್ತಾರೆ. ಹುಳು ಅವರದು, ಈ ರಾತ್ರಿಯ ಯಜಮಾನಿಕೆಯೂ ಅವರದೇ. ಎದುರಿಗೆ ಕೂತಿರುವವರು ನಿವೃತ್ತ ಡ್ರಿಲ್ ಮೇಷ್ಟ್ರು. ಮೂಲೆಯಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಅಣ್ಣ, ಬೆರಳ ಸಂದಿಯ ಗ್ರೀಸು ಹೋಗಲೆಂದು ಮೂರು ಸಲ ಕೈ ತೊಳೆದು ಬಂದಿದ್ದಾರೆ.

"ನಿನ್ನೆ ಬಿದ್ದವ್ನೆ, ಮೊಣಕೈ ತರ್ಚೈತೆ. ಆದ್ರೂ ಇವತ್ತು ಅವನೇ ನೋಡ್ತಾ ಇರಿ ಮೇಷ್ಟ್ರೇ," ಎನ್ನುತ್ತಾನೆ ಹುಡುಗ.

ಅವನು ಎಂದರೆ ಸ್ಲೊವೇನಿಯಾದ ತಾದೇ ಪೊಗಾಚರ್. 2020, 2021, 2024ರ ಟೂರ್ ಡಿ ಫ್ರಾನ್ಸ್ ಗೆದ್ದವನು, ಈಗ ನಾಲ್ಕನೆಯದಕ್ಕೆ ಹೊರಟವನು. ನಿನ್ನೆ ತುಲೂಸ್‌ನಲ್ಲಿ ಗುರಿ ಇನ್ನು ನಾಲ್ಕೈದು ಕಿಲೋಮೀಟರು ಇರುವಾಗ ಇನ್ನೊಬ್ಬನ ಚಕ್ರಕ್ಕೆ ತಾಗಿ ರಸ್ತೆಗೆ ಬಿದ್ದ. ಮುಂದಿದ್ದ ಎದುರಾಳಿಗಳು ಅವನು ಎದ್ದು ಬರುವವರೆಗೆ ವೇಗ ತಗ್ಗಿಸಿ ಕಾದರು. ಕಾದವರಲ್ಲಿ ಡೆನ್ಮಾರ್ಕಿನ ಯೋನಾಸ್ ವಿಂಗೆಗಾರ್ಡ್ ಕೂಡ ಇದ್ದ. ಅಕ್ಕನ ಆಳು ಅವನೇ. "ಮೀನಿನ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ಕೊಂಡಿದ್ದೋನು. ಬೆಳಗಿನ ಜಾವ ಎದ್ದು ಐಸಲ್ಲಿ ಕೈಯಿಟ್ಟು ದುಡ್ದು, ಆಮೇಲೆ ಸೈಕಲ್ ತುಳಿಯಕ್ಕೆ ಹೋಗ್ತಿದ್ನಂತೆ. ಅಂಥೋನು ಗೆಲ್ಬೇಕು." 2022, 2023ರ ಎರಡು ಟೂರ್ ಗೆದ್ದು ಅವನು ಅಕ್ಕನ ಮಾತು ಈಗಾಗಲೇ ಉಳಿಸಿದ್ದಾನೆ.

ಮೇಷ್ಟ್ರು ಅಕ್ಕನ ಕಡೆ ವಾಲುತ್ತಾರೆ. ಅವರಿಗೆ ಕಾರಣ ಬೇರೆ. "ಇವತ್ತಿನ ಬೆಟ್ಟ ಯಾವುದು ಹೇಳು? ಓಟಕಾಮ್. 2022ರಲ್ಲಿ ಇದೇ ಬೆಟ್ಟದ ಮೇಲೆ ನಿನ್ನ ಪೊಗಾಚರ್ ಕೈ ಚೆಲ್ಲಿದ್ದು."

ಆ ದಿನ ನಿಮಗೂ ತಿಳಿದಿರಲಿ. 2022ರ ಜುಲೈ 21. ಓಟಕಾಮ್‌ಗೆ ಮೊದಲಿನ ಸ್ಪಾಂದೆಲ್ ಘಾಟಿ ಇಳಿಯುವಾಗ ಪೊಗಾಚರ್ ಜಲ್ಲಿಯ ಅಂಚಿಗೆ ಹೋಗಿ ಬಿದ್ದ. ಒಟ್ಟು ಲೆಕ್ಕದಲ್ಲಿ ಮುಂದಿರುವವನ ಹಳದಿ ಜೆರ್ಸಿ ತೊಟ್ಟಿದ್ದ ವಿಂಗೆಗಾರ್ಡ್ ಪೆಡಲ್ ನಿಲ್ಲಿಸಿ ಕಾದ. ಬಂದು ಸೇರಿದ ಪೊಗಾಚರ್ ಓಡುವ ಸೈಕಲ್ಲಿನಿಂದಲೇ ಕೈ ಚಾಚಿ ಅವನ ಕೈ ಹಿಡಿದ. ಅದಾದ ಮೇಲೆ ಓಟಕಾಮ್ ಏರಿನಲ್ಲಿ ಅಂಕಗಳ ಪಟ್ಟಿಯ ಹಸಿರು ಜೆರ್ಸಿ ತೊಟ್ಟ ವೂಟ್ ವಾನ್ ಆರ್ಟ್ ತನ್ನ ನಾಯಕ ವಿಂಗೆಗಾರ್ಡನಿಗಾಗಿ ಮುಂದೆ ನಿಂತು ಎಳೆದ ಎಳೆತಕ್ಕೆ ಪೊಗಾಚರ್ ಕಳಚಿಕೊಂಡ. ಗುರಿಯಲ್ಲಿ 1 ನಿಮಿಷ 4 ಸೆಕೆಂಡಿನ ಅಂತರ, ಟೂರ್ ಅಲ್ಲಿಗೆ ತೀರ್ಮಾನ.

ಮೊಬೈಲಿನಲ್ಲಿ ಈಗ ಸುಲೋರ್ ಘಾಟಿ ಮುಗಿದಿದೆ. ಹಳದಿ ಜೆರ್ಸಿ ತೊಟ್ಟ ಐರ್ಲೆಂಡಿನ ಬೆನ್ ಹೀಲಿ ಹಿಂದೆ ಬಿದ್ದಿದ್ದಾನೆ, ಬಾಯಿ ತೆರೆದಿದೆ, ಹೆಲ್ಮೆಟ್ಟಿನ ಪಟ್ಟಿಯಿಂದ ಬೆವರು ಹನಿಯುತ್ತಿದೆ. ವಿಂಗೆಗಾರ್ಡನ ಜೊತೆಯ ಮುಖ್ಯ ಬಂಟ ಅಮೆರಿಕದ ಜೋರ್ಗೆನ್ಸನ್ ಕೂಡ ಕಾಣೆ. ಅಕ್ಕ ಒಂದು ಹುಳು ಬಿಟ್ಟು ಇನ್ನೊಂದಕ್ಕೆ ಕೈ ಹಾಕುವ ನಡುವೆ ತೆರೆ ನೋಡಿ, "ಇವನ ಜನಾನೇ ಇಲ್ವಲ್ಲೋ," ಎನ್ನುತ್ತಾರೆ.

ಮೂರು ವಾರದ ಈ ಓಟಗಳ ವಿಷಯ ತಿಳಿಯದೆ ಬಂದವರು ನಿಮ್ಮೊಳಗಿದ್ದರೆ ಇಷ್ಟು ಸಾಕು: ಫ್ರಾನ್ಸಿನ ಟೂರ್ 1903ರಿಂದ, ಇಟಲಿಯ ಜಿರೊ 1909ರಿಂದ, ಸ್ಪೇನಿನ ವುಯೆಲ್ತಾ 1935ರಿಂದ. ಮೂರಕ್ಕೂ ಸೇರಿ ಗ್ರ್ಯಾಂಡ್ ಟೂರ್ ಎಂಬ ಹೆಸರು. ಇಪ್ಪತ್ತೊಂದು ದಿನದ ಓಟದ ಸಮಯ ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದ. ಬೆಟ್ಟದ ರಾಜ ಬೇರೆ. ಘಾಟಿಗಳ ತುದಿಯಲ್ಲಿ ಸಿಗುವ ಅಂಕ ಕೂಡಿಸಿ ಅವನನ್ನು ಆರಿಸುತ್ತಾರೆ. ಈ ಲೆಕ್ಕ 1933ರಲ್ಲಿ ಶುರುವಾಯಿತು, ಕೆಂಪು ಚುಕ್ಕೆಯ ಬಿಳಿ ಜೆರ್ಸಿ ಬಂದದ್ದು 1975ರಲ್ಲಿ. ಫ್ರಾನ್ಸಿನ ರಿಷಾರ್ ವಿರಾಂಕ್ ಅದನ್ನು ಏಳು ಸಲ ಗೆದ್ದಿದ್ದಾನೆ, ಆದರೂ ಜಗತ್ತಿನ ಅತಿ ದೊಡ್ಡ ಏರುಗಾರ ಯಾರು ಎಂಬ ಮಾತು ಬಂದಾಗ ಅವನ ಹೆಸರು ಯಾರ ಬಾಯಲ್ಲೂ ಮೊದಲು ಬರುವುದಿಲ್ಲ. ಅಂಕ, ಸಮಯ ಎರಡೂ ಉತ್ತರ ಕೊಡದ ಪ್ರಶ್ನೆ ಇದು. ಅದಕ್ಕೇ ಜನ ಇದನ್ನು ಇಷ್ಟು ಹಚ್ಚಿಕೊಂಡು ವಾದಿಸುತ್ತಾರೆ.

"ಬೆಟ್ಟ ಹತ್ತೋನು ಬೇರೆ, ಟೂರ್ ಗೆಲ್ಲೋನು ಬೇರೆ," ಎಂದು ಮೇಷ್ಟ್ರು ಕೊಲಂಬಿಯಾದ ನೈರೊ ಕಿಂತಾನಾನ ಮಾತು ತೆಗೆಯುತ್ತಾರೆ. ಬೊಯಾಕಾ ಬೆಟ್ಟಗಾಡಿನಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ ರೈತರ ಮಗ, ದೂರದ ಶಾಲೆಗೆ ಘಾಟಿ ರಸ್ತೆಯಲ್ಲಿ ಸೈಕಲ್ ತುಳಿದೇ ಹೋಗಿಬರುತ್ತಿದ್ದವನು. 2015ರ ಟೂರ್‌ನಲ್ಲಿ ಎರಡನೆಯ ದಿನ ಹಾಲೆಂಡಿನ ಕಡಲ ದಂಡೆಯಲ್ಲಿ ಅಡ್ಡಗಾಳಿ ಬೀಸಿ ಗುಂಪು ತುಂಡಾಯಿತು. ಗುಡ್ಡದ ಸುಳಿವೂ ಇಲ್ಲದ ಆ ರಸ್ತೆಯಲ್ಲಿ ಕಿಂತಾನಾ 1 ನಿಮಿಷ 28 ಸೆಕೆಂಡು ಕಳೆದುಕೊಂಡ. ಕೊನೆಯ ಬೆಟ್ಟ ಆಲ್ಪ್ ದ್ಯುಯೆಜ್‌ನಲ್ಲಿ ಕ್ರಿಸ್ ಫ್ರೂಮ್‌ನಿಂದ 1 ನಿಮಿಷ 20 ಸೆಕೆಂಡು ಕಿತ್ತುಕೊಂಡ. ಪ್ಯಾರಿಸ್ಸಿನಲ್ಲಿ ಲೆಕ್ಕ ಹಾಕಿದರೆ ಅದೇ ಫ್ರೂಮ್‌ಗೆ 1 ನಿಮಿಷ 12 ಸೆಕೆಂಡಿನಿಂದ ಸೋತಿದ್ದ.

"ಬೆಟ್ಟದಲ್ಲಿ ಗೆದ್ದು ಬಯಲಲ್ಲಿ ಸೋತ್ನಾ?" ಅಕ್ಕನ ಕೈ ಅರೆಕ್ಷಣ ನಿಲ್ಲುತ್ತದೆ.

"ಬಯಲಲ್ಲೇ ಸೋತ. ಗಾಳೀಲಿ."

ಈ ಮಾತು ನಿಮ್ಮ ಮನಸ್ಸಿನಲ್ಲಿರಲಿ. ವಿಂಗೆಗಾರ್ಡ್ ಕೂಡ ಈ ಟೂರ್‌ನಲ್ಲಿ ಪೊಗಾಚರ್‌ಗಿಂತ 1 ನಿಮಿಷ 17 ಸೆಕೆಂಡು ಹಿಂದಿದ್ದಾನೆ. ಅದರಲ್ಲಿ ಒಂದು ನಿಮಿಷಕ್ಕೂ ಮೇಲ್ಪಟ್ಟದ್ದು ಕಾನ್ ಪಟ್ಟಣದ ಸಮತಟ್ಟಿನಲ್ಲಿ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿದ ದಿನ ಹೋದದ್ದು. ಏರುಗಾರನಿಗೆ ಬಯಲು ಯಾವತ್ತೂ ಸಾಲ ಹೊರಿಸುತ್ತದೆ. ಅದನ್ನು ಅವನು ಇವತ್ತಿನಂಥ ದಿನ ತೀರಿಸಬೇಕು.

ಬೋರ್ದೇರ್ ದಿಬ್ಬವೂ ಹಿಂದಾಯಿತು. ಈಗ ಓಟಕಾಮ್. 13.5 ಕಿಲೋಮೀಟರು, ಪ್ರತಿ ನೂರು ಮೀಟರಿಗೆ ಸರಾಸರಿ ಏಳು ಮುಕ್ಕಾಲು ಮೀಟರು ಎತ್ತರ. ನಂದಿಬೆಟ್ಟದ ಏರನ್ನು ಒಂದರ ಮೇಲೊಂದು ಎರಡು ಸಲ ಪೇರಿಸಿದರೂ ಇದಕ್ಕೆ ಸಾಟಿಯಾಗದು. ಬೆಂಗಳೂರಿನ ಸವಾರರು 2008ರಲ್ಲಿ ಶುರುಮಾಡಿದ ನೀಲಗಿರಿ ಟೂರ್‌ನಲ್ಲಿ ಮಸಣಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿಯ 36 ತಿರುವುಗಳನ್ನು ತುಳಿದವರಿಗೆ ಮಾತ್ರ ಇಂಥ ಕಡಿದಿನ ರುಚಿ ಸ್ವಲ್ಪ ಗೊತ್ತಿರುತ್ತದೆ.

ಬುಡದಲ್ಲೇ ಪೊಗಾಚರ್‌ನ ತಂಡದ ನಾರ್ವಾಯೆಸ್ ಮುಂದೆ ಬಂದ. ಈಕ್ವೆಡಾರಿನವನು, ಹೆಗಲು ಅಗಲ. ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಾನೆ, ಈ ವೇಗ ಅವನಿಗೆ ಹೆಚ್ಚು ಹೊತ್ತು ಹಿಡಿಯದು ಎಂದು ನೋಡಿದರೇ ತಿಳಿಯುತ್ತದೆ. ಅವನು ಸರಿಯುತ್ತಲೇ ಅವನ ಪಕ್ಕದಿಂದ ಪೊಗಾಚರ್. ಗುರಿಗೆ ಇನ್ನೂ ಹನ್ನೆರಡು ಕಿಲೋಮೀಟರು.

"ಹೊರ್ಟ! ಹೊರ್ಟ!" ಹುಡುಗ ಕೂಗಿದ ರಭಸಕ್ಕೆ ಸ್ಟ್ಯಾಂಡು ಅಲುಗಿ, ಅಕ್ಕ "ಹುಳು ಲೋ!" ಎಂದು ಗದರುತ್ತಾರೆ.

ವಿಂಗೆಗಾರ್ಡ್ ಹಿಂದೆಯೇ ಬಂದ. ಒಂದು ಸೈಕಲ್ಲಿನ ಅಂತರ. ಎರಡು. ಹತ್ತು ಮೀಟರು. ಅಲ್ಲಿ ನಿಂತಿತು. ಕ್ಯಾಮೆರಾ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದಿದೆ. ಗಮನವಿಟ್ಟು ನೋಡಿ: ಪೊಗಾಚರ್ ಸೀಟಿನ ಮೇಲೆ ಕೂತೇ ಇದ್ದಾನೆ. ಹೆಗಲು ಅಲುಗುವುದಿಲ್ಲ, ಕಾಲುಗಳು ಮಾತ್ರ ಸರಸರನೆ ಸುತ್ತುತ್ತಿವೆ, ನಿನ್ನೆ ತರಚಿದ ಎಡಗೈಯ ಮೇಲೆ ಬಲೆಯ ಪಟ್ಟಿ. ಹಿಂದಿನವನು ಆಗಾಗ ನಿಲ್ಲುತ್ತಾನೆ, ಕೂರುತ್ತಾನೆ, ಮತ್ತೆ ನಿಲ್ಲುತ್ತಾನೆ. ಬಯಲಲ್ಲಾದರೆ ಮುಂದಿನವನ ಬೆನ್ನ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಂಡು ಸಾಕಷ್ಟು ಶ್ರಮ ಉಳಿಸಬಹುದು. ಈ ಏರಿನಲ್ಲಿ ಆ ಮರೆ ಹೆಚ್ಚು ಕೊಡುವುದಿಲ್ಲ. ಇಲ್ಲಿ ಎದುರಾಳಿ ಸ್ವಂತ ತೂಕ.

"ಇವನಿಗೆಷ್ಟು ತೂಕ?" ಇಷ್ಟು ಹೊತ್ತು ಸುಮ್ಮನಿದ್ದ ಮೋಟರ್ ಅಣ್ಣ ಕೇಳುತ್ತಾರೆ.

"ಅರವತ್ತಾರು ಕೆಜಿ ಅಂತಾರೆ. ಸೈಕಲ್ಲು 6.8ಕ್ಕಿಂತ ಕಮ್ಮಿ ಇರಂಗಿಲ್ಲ, ರೂಲು."

"ಅಲ್ಲಿಗೆ ಎಪ್ಪತ್ಮೂರು. ಎಷ್ಟು ಎತ್ತರ?"

"ಸಾವಿರದೈವತ್ತು ಮೀಟ್ರು."

"ಎಷ್ಟೊತ್ನಲ್ಲಿ?"

"ಮೂವತ್ತೈದು ನಿಮಿಷ ಆಗ್ಬೋದಣ್ಣ."

ಅಣ್ಣ ಸೊಪ್ಪಿನ ಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆಯತೊಡಗುತ್ತಾರೆ. ಸಾವಿರದೈವತ್ತು ಮೀಟರನ್ನು ಮೊದಲು ಅಡಿಗೆ ತಿರುಗಿಸುತ್ತಾರೆ, ಅವರ ದಿನದ ಲೆಕ್ಕವೆಲ್ಲ ಅಡಿಯಲ್ಲೇ: ಮೂರು ಸಾವಿರದ ನಾನ್ನೂರು ಚಿಲ್ಲರೆ. ಈ ಸೀಮೆಯಲ್ಲಿ ಸಾವಿರದ ಇನ್ನೂರು ಅಡಿಗೆ ಬೋರು ಕೊರೆಸುವುದು ಮಾಮೂಲು. ಹೆಚ್ಚುಕಡಿಮೆ ಅದರ ಮೂರರಷ್ಟು ಎತ್ತರ ಇದು. ತೂಕ ಗುಣಿಸಿ, ಸಮಯದಿಂದ ಭಾಗಿಸಿ, ತಲೆ ಎತ್ತುತ್ತಾರೆ. "ಬರೀ ಮೇಲಕ್ಕೆತ್ತಕ್ಕೇ ಹತ್ರ ಹತ್ರ ಅರ್ಧ ಎಚ್‌ಪಿ ಬೇಕು. ಗಾಳಿ, ಟೈರು ಉಜ್ಜೋದು ಬೇರೆ. ನಮ್ಮ ಮನೆ ಸಂಪಿನ ನೀರು ಟ್ಯಾಂಕಿಗೆ ಹೊಡೆಯೋ ಮೋಟ್ರು ಅರ್ಧ ಎಚ್‌ಪಿ. ಅದು ಕರೆಂಟ್ ಕುಡೀತದೆ. ಇವನೇನು ಕುಡೀತಾನೆ?"

"ಸಕ್ಕರೆ ನೀರು," ಎಂದ ಹುಡುಗ. ಉತ್ತರ ಸರಿಯಾದದ್ದೇ. ಈಗಿನ ಸವಾರರು ಗಂಟೆಗೆ ನೂರು ಗ್ರಾಂ ದಾಟಿ ಸಕ್ಕರೆ ಪದಾರ್ಥವನ್ನು ಹೊಟ್ಟೆಗಿಳಿಸಲು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಹಿಂದಿನವರ ಕರುಳಿಗೆ ಆ ಅಭ್ಯಾಸವಿರಲಿಲ್ಲ.

ಅಣ್ಣನ ಲೆಕ್ಕ ನಿಜವಾಗಿಯೂ ದೊಡ್ಡದು. ಗಟ್ಟಿಮುಟ್ಟಾದ, ದಿನವೂ ಸೈಕಲ್ ತುಳಿಯುವ ಒಬ್ಬ ಸಾಮಾನ್ಯ ಮನುಷ್ಯ ಇದರ ಅರ್ಧದಷ್ಟನ್ನು ಅಷ್ಟು ಹೊತ್ತು ಹಿಡಿದರೆ ಶಹಬ್ಬಾಸ್ ಎನ್ನಬೇಕು. ನೂರಕ್ಕೆ ಎಂಟರ ಹತ್ತಿರದ ಈ ಏರಿನಲ್ಲಿ ಅವರು ಗಂಟೆಗೆ 23 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದಾರೆ. ನಾನು ಸಮತಟ್ಟಾದ ರಸ್ತೆಯಲ್ಲೂ ಅಷ್ಟು ಹೊತ್ತು ಆ ವೇಗ ಹಿಡಿಯಲಾರೆ.

ಅಂತರ ಅರ್ಧ ನಿಮಿಷವಾಗಿದೆ. ವಿಂಗೆಗಾರ್ಡ್ ಇನ್ನು ತೆರೆಯಲ್ಲಿ ಬೇರೆಯದೇ ಚೌಕಟ್ಟು. ಹುಡುಗನಿಗೆ ಈಗ ಎದುರಾಳಿಯ ಚಿಂತೆಯಿಲ್ಲ, ದಾಖಲೆಯ ಚಿಂತೆ. "ರೀಸ್ ರೆಕಾರ್ಡ್ ಹೋಗ್ಬೋದು ಇವತ್ತು!"

ಮೇಷ್ಟ್ರು ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು ನಿಧಾನಕ್ಕೆ ಹೇಳುತ್ತಾರೆ: "ಆ ರೆಕಾರ್ಡು ಹೋದ್ರೂ ಒಂದೇ, ಇದ್ರೂ ಒಂದೇ."

1996ರ ಜುಲೈ 16. ಇದೇ ಓಟಕಾಮ್. 1991ರಿಂದ 1995ರವರೆಗೆ ಸತತ ಐದು ಟೂರ್ ಗೆದ್ದ ಸ್ಪೇನಿನ ಮಿಗೆಲ್ ಇಂದುರಾಯಿನ್ ಆರನೆಯದಕ್ಕೆ ಬಂದಿದ್ದ. ಡೆನ್ಮಾರ್ಕಿನ ಬ್ಯಾರ್ನೆ ರೀಸ್ ಗುಂಪಿನ ಮುಂದಿನಿಂದ ಬೇಕೆಂದೇ ಹಿಂದಕ್ಕೆ ಜಾರಿ, ಒಬ್ಬೊಬ್ಬ ಎದುರಾಳಿಯ ಮುಖವನ್ನೂ ನೋಡಿ, ಯಾರ ಕಾಲಲ್ಲೂ ಕಸುವಿಲ್ಲವೆಂದು ಖಾತ್ರಿಯಾದ ಮೇಲೆ ಹಾರಿದ. ಇಂದುರಾಯಿನ್ ಯುಗ ಆ ಏರಿನಲ್ಲಿ ಮುಗಿಯಿತು. ಓಟಕಾಮ್‌ನ ಅತಿ ವೇಗದ ಏರು ಇವತ್ತಿಗೂ ಅದೇ. 2007ರಲ್ಲಿ ರೀಸ್ ತಾನಾಗಿಯೇ ಒಪ್ಪಿಕೊಂಡ: ಆ ವರ್ಷಗಳಲ್ಲಿ ಇಪಿಒ ಚುಚ್ಚಿಸಿಕೊಂಡಿದ್ದೆ ಎಂದು. ರಕ್ತದಲ್ಲಿ ಕೆಂಪು ಕಣಗಳನ್ನು ಹೆಚ್ಚಿಸಿ, ಹೆಚ್ಚು ಆಮ್ಲಜನಕ ಹೊರುವಂತೆ ಮಾಡುವ ಔಷಧ ಅದು. ಮೂತ್ರಪಿಂಡ ಕೈಕೊಟ್ಟವರಿಗೆಂದು ತಯಾರಾದದ್ದು. 2008ರಲ್ಲಿ ಇಲ್ಲಿ ಮೊದಲು ಬಂದ ಇಟಲಿಯ ಪಿಯೆಪೋಲಿಯ ಗೆಲುವನ್ನೂ ಆಮೇಲೆ ಕಿತ್ತುಹಾಕಿದರು.

"ಅಂದ್ರೆ ನಿಮ್ ಲೆಕ್ಕದಲ್ಲಿ ಜೋರಾಗಿ ಹೋದೋರೆಲ್ಲಾ ಕಳ್ರಾ ಮೇಷ್ಟ್ರೇ?" ಹುಡುಗನ ದನಿ ಏರಿದೆ. "ಹೋದ್ವರ್ಷ ಪ್ಲಾಟೊ ದ ಬೆಯ್‌ನಲ್ಲಿ ಇವನು ಪಂತಾನಿ ರೆಕಾರ್ಡಿಗಿಂತ ಮೂರೂವರೆ ನಿಮಿಷ ಮುಂಚೆ ಹತ್ತಿದ. ಇವನು ಎಲ್ಲಿ ಸಿಕ್ಕಾಕೊಂಡವ್ನೆ ಹೇಳಿ?"

ಎಲ್ಲೂ ಇಲ್ಲ. ಮೇಷ್ಟ್ರೂ ಅದನ್ನು ಒಪ್ಪುತ್ತಾರೆ. ಪೊಗಾಚರ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವನಲ್ಲ; ಸೈಕಲ್ಲು, ಟೈರು, ಆಹಾರ, ತರಬೇತಿ ಎಲ್ಲವೂ ಪಂತಾನಿಯ 1998ರಿಂದ ಈಚೆಗೆ ಬದಲಾಗಿವೆ. ಅವನ ಗೆಲುವನ್ನು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ. ಆದರೆ ಅವನ ದೊಡ್ಡತನವನ್ನು ಪಂತಾನಿಯ ಅಥವಾ ರೀಸ್‌ನ ಗಡಿಯಾರದ ಎದುರಿಗಿಟ್ಟು ತೂಗುವುದು ಪೊಗಾಚರ್‌ಗೇ ಅನ್ಯಾಯ. ಹಾಳಾದ ತಕ್ಕಡಿಯಲ್ಲಿ ಅಸಲಿ ಮಾಲನ್ನು ಯಾಕೆ ತೂಗಬೇಕು? 1998ರಲ್ಲಿ ಜಿರೊ, ಟೂರ್ ಎರಡನ್ನೂ ಗೆದ್ದ ಮಾರ್ಕೊ ಪಂತಾನಿ ನಾನು ಕಂಡ ಏರುಗಾರರಲ್ಲೆಲ್ಲ ನೋಡಲು ಅತಿ ಚೆಂದ. ಹ್ಯಾಂಡಲಿನ ಕೆಳಗಿನ ಬಾಗನ್ನು ಹಿಡಿದು ನಿಂತೇ ಹಾರುತ್ತಿದ್ದ. 1999ರ ಜಿರೊ ಮುಗಿಯುವ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಕೆಂಪು ಕಣಗಳ ಪ್ರಮಾಣ ಮಿತಿ ಮೀರಿತ್ತೆಂದು ಅವನನ್ನು ಹೊರಗೆ ಕಳಿಸಿದರು. 2004ರ ಫೆಬ್ರುವರಿಯಲ್ಲಿ ರಿಮಿನಿಯ ಒಂದು ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ಸತ್ತ, ವಯಸ್ಸು 34. ಅವನನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದರೂ ನನ್ನ ಓಟು ಅವನಿಗಿಲ್ಲ.

"ಹಂಗಾದ್ರೆ ನಿಮ್ ಪ್ರಕಾರ ಯಾರು ದೊಡ್ಡೋನು?" ಅಕ್ಕ ಮೇಷ್ಟ್ರನ್ನು ನೇರ ಕೇಳುತ್ತಾರೆ.

"ಚಾರ್ಲಿ ಗೌಲ್. ಲಕ್ಸೆಂಬರ್ಗಿನವನು." 1956ರ ಜೂನ್ 8, ಜಿರೊದಲ್ಲಿ ಮೋಂತೆ ಬೊಂದೋನೆ ಏರುವ ದಿನ. ಜೂನ್ ತಿಂಗಳಲ್ಲಿ ಹಿಮ ಸುರಿಯಿತು. ಅರ್ಧದಷ್ಟು ಸವಾರರು ಓಟ ಬಿಟ್ಟರು. ಕೆಲವರು ದಾರಿಬದಿಯ ಮನೆಗಳಿಗೆ ನುಗ್ಗಿ ಬಿಸಿನೀರು ಬೇಡಿದರು. ಗೌಲ್ ಬೆಳಿಗ್ಗೆ ಹೊರಟಾಗ ಒಟ್ಟು ಲೆಕ್ಕದಲ್ಲಿ 16 ನಿಮಿಷ ಹಿಂದಿದ್ದ. ತುಂಡು ತೋಳಿನ ಜೆರ್ಸಿಯಲ್ಲೇ ಆ ಹಿಮದಲ್ಲಿ ಏರಿದ. ಮೇಲೆ ಮುಟ್ಟಿದಾಗ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಮೈಗೆ ಅಂಟಿದ ಜೆರ್ಸಿಯನ್ನು ಕತ್ತರಿಸಿ ತೆಗೆಯಬೇಕಾಯಿತು. ಸಂಜೆಗೆ ನಾಯಕನ ಗುಲಾಬಿ ಜೆರ್ಸಿ ಅವನದಾಗಿತ್ತು, ಜಿರೊ ಕೂಡ. ಮೇಷ್ಟ್ರು ಇದನ್ನು ಹೇಳುವಾಗ ಅವರ ಕೈ ಹುಳು ಆರಿಸುವುದನ್ನು ಮರೆತಿದೆ, ಅಕ್ಕನೂ ನೆನಪಿಸುವುದಿಲ್ಲ.

ಎಡ್ಡಿ ಮರ್ಕ್ಸ್ ಮಾತೂ ಬಂತು. 1969ರ ಒಂದೇ ಟೂರ್‌ನಲ್ಲಿ ಒಟ್ಟು ಗೆಲುವು, ಅಂಕಗಳ ಪಟ್ಟ, ಬೆಟ್ಟದ ಪಟ್ಟ ಮೂರನ್ನೂ ಬಾಚಿಕೊಂಡವನು, ಒಟ್ಟು ಹನ್ನೊಂದು ಗ್ರ್ಯಾಂಡ್ ಟೂರ್ ಗೆದ್ದವನು. ಹುಡುಗ ಮತ್ತು ಮೇಷ್ಟ್ರು ಇಬ್ಬರೂ ಒಪ್ಪಿದ್ದು ಇದೊಂದನ್ನೇ: ಪೊಗಾಚರ್‌ನನ್ನು ಯಾರ ಪಕ್ಕಕ್ಕಾದರೂ ನಿಲ್ಲಿಸುವುದಾದರೆ ಮರ್ಕ್ಸ್ ಪಕ್ಕಕ್ಕೆ. ಹೆಚ್ಚು ವಾದ ಹುಟ್ಟಲಿಲ್ಲ.

ಕೊನೆಗೆ ನನ್ನ ಕಡೆ ತಿರುಗಿದರು. ನನ್ನ ಓಟು ಇದೇ ಬೆಟ್ಟಕ್ಕೆ ಸೇರಿದವನಿಗೆ.

2000ದ ಜುಲೈ 10. ಓಟಕಾಮ್ ಮೇಲೆ ಮಳೆ. ಬಾಸ್ಕ್ ಸೀಮೆಯ 25 ವರ್ಷದ ಹಾವಿಯೇರ್ ಓಚೋವಾ ಬೆಳಿಗ್ಗೆಯೇ ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಬಂದಿದ್ದ. ಕೊನೆಯ ಏರಿನ ಬುಡಕ್ಕೆ ಬರುವಾಗ ಹತ್ತು ನಿಮಿಷದಷ್ಟು ಅಂತರ. ಹಿಂದಿನಿಂದ ಲಾನ್ಸ್ ಆರ್ಮ್‌ಸ್ಟ್ರಾಂಗ್ ಎಲ್ಲರನ್ನೂ ಉದುರಿಸಿಕೊಂಡು ಬರುತ್ತಿದ್ದ. ಪ್ರತಿ ಕಿಲೋಮೀಟರಿಗೂ ಮುಕ್ಕಾಲು ನಿಮಿಷದ ಹತ್ತಿರ ಕರಗುತ್ತಿತ್ತು. ಓಚೋವಾಗೆ ದೊಡ್ಡ ಎಂಜಿನ್ನು ಇರಲಿಲ್ಲ, ಹೆಸರಿರಲಿಲ್ಲ. ಹೆಗಲು ಎಡಕ್ಕೂ ಬಲಕ್ಕೂ ಬೀಳುತ್ತಿತ್ತು. ಆದರೂ ಬಿಡಲಿಲ್ಲ. 42 ಸೆಕೆಂಡು ಉಳಿಸಿಕೊಂಡು ಗೆದ್ದ. ಅಂದು ಎರಡನೆಯವನಾದ ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಪಟ್ಟಗಳನ್ನು ಉದ್ದೀಪನ ಮದ್ದಿನ ಕಾರಣಕ್ಕೆ 2012ರಲ್ಲಿ ಕಿತ್ತುಕೊಂಡರು, ಆ ದಿನದ ಅವನ ಎರಡನೆಯ ಸ್ಥಾನವೂ ಅದರ ಜೊತೆ ಹೋಯಿತು.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಹಾವಿಯೇರ್‌ಗೆ ಅವಳಿ ಸೋದರ ಇದ್ದ, ರಿಕಾರ್ದೊ, ಒಂದೇ ತಂಡದ ಸವಾರ. 2001ರ ಫೆಬ್ರುವರಿಯಲ್ಲಿ ಮಾಲಗಾ ಬಳಿ ಇಬ್ಬರೂ ಅಭ್ಯಾಸಕ್ಕೆ ಹೋಗಿದ್ದಾಗ ಕಾರೊಂದು ಗುದ್ದಿತು. ರಿಕಾರ್ದೊ ಸತ್ತ. ಹಾವಿಯೇರ್ ವಾರಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದ್ದ, ಎದ್ದಾಗ ದೇಹ ಮೊದಲಿನಂತಿರಲಿಲ್ಲ. ನಡೆಯುವುದು, ಮಾತಾಡುವುದು ಎಲ್ಲವನ್ನೂ ಮತ್ತೆ ಕಲಿತ. ಸೈಕಲ್ಲನ್ನೂ ಮತ್ತೆ ಹತ್ತಿದ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ, 2008ರ ಬೀಜಿಂಗ್‌ನಲ್ಲಿ ಮತ್ತೆ ಚಿನ್ನ. 2018ರಲ್ಲಿ ತೀರಿಕೊಂಡ.

"ಓಟಕಾಮ್‌ಗೆ ರಾಜ ಅಂತ ಒಬ್ಬನನ್ನು ಆರಿಸೋದಾದ್ರೆ ನನಗೆ ಅವನೇ," ಎಂದೆ. ಹುಡುಗ ಕೂಡಲೇ ಎದುರಾಡಿದ: "ಅಣ್ಣ, ಅದು ಮನಸ್ಸಿನ ಮಾತು. ಒಂದು ದಿನದ ಗೆಲುವು. ಏರುಗಾರ ಅಂದ್ರೆ ವರ್ಷವೆಲ್ಲಾ, ಎಲ್ಲಾ ಬೆಟ್ಟದಲ್ಲೂ ಹತ್ಬೇಕು." ಅವನ ಮಾತಿನಲ್ಲಿ ಸತ್ಯವಿದೆ, ನಾನು ನನ್ನ ಓಟು ಹಿಂದಕ್ಕೆ ಪಡೆಯಲಿಲ್ಲ. ದಾಖಲೆಯ ಪಟ್ಟಿಯ ತುದಿಯಲ್ಲಿ ರೀಸ್ ಕೂತಿರುವವರೆಗೆ, ಓಚೋವಾನ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಲೇ ಇರಬೇಕು. ಯುರೋಪಿನ ಹೋಟೆಲುಗಳಲ್ಲಿ ಹೇಳಲಿ, ಸುಗಟೂರಿನ ಹುಳುಮನೆಯಲ್ಲಿ ಹೇಳಲಿ.

"ಒಡಹುಟ್ಟಿದೋನು ಸತ್ಮೇಲೂ ಸೈಕಲ್ ಹತ್ತಿದ್ನಾ," ಎಂದರು ಅಕ್ಕ, ಬಹಳ ಹೊತ್ತಿನ ಮೇಲೆ.

ಮೊಬೈಲಿನಲ್ಲಿ ಕೊನೆಯ ಎರಡು ಕಿಲೋಮೀಟರು. ಮರಗಳು ಮುಗಿದು ಹುಲ್ಲುಗಾವಲು, ರಸ್ತೆಯ ಎರಡೂ ಕಡೆ ಜನ ಒತ್ತರಿಸಿ, ನಡುವೆ ಒಂದು ಸೈಕಲ್ಲು ಹಾಯುವಷ್ಟೇ ಜಾಗ. ಪೊಗಾಚರ್ ಹಿಂದೆ ತಿರುಗಿ ನೋಡುವುದನ್ನೂ ಬಿಟ್ಟಿದ್ದಾನೆ. ಹಿಂದೆ ವಿಂಗೆಗಾರ್ಡ್ ಕಷ್ಟದಲ್ಲಿದ್ದಾನೆ, ಅವನನ್ನು ಜರ್ಮನಿಯ ಲಿಪೋವಿಟ್ಸ್ ಹಿಂದಿನಿಂದ ಹಿಡಿಯಲು ಬರುತ್ತಿದ್ದಾನೆ. ಅಕ್ಕನ ಕಣ್ಣು ಈಗ ಗೆಲ್ಲುವವನ ಮೇಲಿಲ್ಲ. "ಅವನಿಗೆ ಸಿಕ್ಬೇಡ ಕಣಪ್ಪಾ, ತುಳಿ."

ಪೊಗಾಚರ್ ಗೆರೆ ದಾಟಿದ. ಗಡಿಯಾರ ನಿಲ್ಲಲಿಲ್ಲ, ನಾವೂ ಎಣಿಸಿದೆವು. 2 ನಿಮಿಷ 10 ಸೆಕೆಂಡು ಕಳೆದ ಮೇಲೆ ವಿಂಗೆಗಾರ್ಡ್. ಲಿಪೋವಿಟ್ಸ್ ಅವನಿಗಿಂತ 13 ಸೆಕೆಂಡು ಹಿಂದೆ. ಸಿಗಲಿಲ್ಲ. ಅಕ್ಕ ಉಸಿರು ಬಿಟ್ಟರು. ರೀಸ್‌ನ ದಾಖಲೆಯೂ ಅರ್ಧ ನಿಮಿಷದಷ್ಟು ಅಂತರದಲ್ಲಿ ಉಳಿದುಕೊಂಡಿತು.

ಹಳದಿ ಜೆರ್ಸಿ ಮತ್ತೆ ಪೊಗಾಚರ್‌ಗೆ, ಒಟ್ಟು ಲೆಕ್ಕದಲ್ಲಿ ವಿಂಗೆಗಾರ್ಡ್ ಈಗ 3 ನಿಮಿಷ 31 ಸೆಕೆಂಡು ಹಿಂದೆ. ಗೆದ್ದವನು ಮೈಕಿನ ಮುಂದೆ ಮೊದಲು ಆಡಿದ್ದು ತನ್ನ ಮಾತಲ್ಲ. ಹಿಂದಿನ ದಿನ ಇಟಲಿಯ ಕಿರಿಯರ ಓಟವೊಂದರಲ್ಲಿ ಇಳಿಜಾರಿನಲ್ಲಿ ಬಿದ್ದು ಸತ್ತ 19 ವರ್ಷದ ಸಾಮುಯೆಲೆ ಪ್ರಿವಿತೆರಾಗೆ ಈ ಗೆಲುವು ಎಂದ. ಹುಡುಗ ಅದನ್ನು ಕನ್ನಡದಲ್ಲಿ ಅಮ್ಮನಿಗೆ ಹೇಳಿದ. ಅವನೂ ತೇರಹಳ್ಳಿಯಿಂದ ಇಳಿಯುವಾಗ ಬ್ರೇಕು ಬಿಟ್ಟು ಇಳಿಯುವವನೇ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಅಕ್ಕ ಅವನ ಮುಖ ನೋಡಿದರು. "ಕೇಳಿಸ್ಕೊಂಡ್ಯಾ?" ಎಂದರು. ಅವನು ತಲೆಯಾಡಿಸಿದ.

"ಟೂರ್ ಮುಗೀತು ಬಿಡಿ ಮೇಷ್ಟ್ರೇ," ಎಂದ ಆಮೇಲೆ.

"ವೆಂಟೂ ಐತೆ, ಲೋಜ್ ಐತೆ. 2023ರಲ್ಲಿ ಲೋಜ್ ಏರಲ್ಲಿ ನಿಮ್ಮೋನ ಕಾಲು ಹೆಂಗೆ ಬಿದ್ದೋಯ್ತು ಮರ್ತ್ಬಿಟ್ಯಾ?"

ನನಗೆ ಹುಡುಗನ ಮಾತೇ ಸರಿ ಅನ್ನಿಸುತ್ತದೆ. 2023ರ ಪೊಗಾಚರ್ ಕೈ ಮುರಿದುಕೊಂಡು ತರಬೇತಿ ತಪ್ಪಿಸಿಕೊಂಡು ಬಂದವನು. ಇವತ್ತು ಕೂತಲ್ಲಿಂದ ಏಳದೆ ಹನ್ನೆರಡು ಕಿಲೋಮೀಟರು ತುಳಿದವನು ಬೇರೆಯೇ ಆಳು. ಆದರೆ ಮೇಷ್ಟ್ರು ಸೋಲೊಪ್ಪುವವರಲ್ಲ. ನಾಳೆ ಪೆರಗ್ಯೂದ್‌ಗೆ 10.9 ಕಿಲೋಮೀಟರು, ಒಬ್ಬೊಬ್ಬರೇ ಗಡಿಯಾರದ ಎದುರು ಬೆಟ್ಟ ಹತ್ತುವ ದಿನ. ಅಲ್ಲಿ ವಿಂಗೆಗಾರ್ಡ್ ಹತ್ತು ಸೆಕೆಂಡಾದರೂ ವಾಪಸು ತರುತ್ತಾನೆ ಎಂದು ಅವರು, ಅರ್ಧ ನಿಮಿಷ ಮತ್ತೆ ಕಳೆದುಕೊಳ್ಳುತ್ತಾನೆ ಎಂದು ಹುಡುಗ. ಮೋಟರ್ ಅಣ್ಣನಿಗೆ ಎಚ್‌ಪಿ ಲೆಕ್ಕಕ್ಕೆ ನಾಳಿನ ಬೆಟ್ಟದ ಎತ್ತರ ಬೇಕಂತೆ, ಈಗಲೇ.

"ನಾಳೆ ಎಷ್ಟೊತ್ತಿಗೆ ಶುರು?" ಅಕ್ಕ ಕೇಳಿದರು.

"ನಮ್ ಟೈಮು ನಾಲ್ಕೂವರೆ ಮೇಲೆ."

"ಹಂಗಾದ್ರೆ ಎಲ್ಲಾ ಐದಕ್ಕೆ ಬಂದ್ಬಿಡಿ. ಹಿಂದಿನ ಸ್ಟ್ಯಾಂಡಿನ ಹುಳು ಅಷ್ಟೊತ್ಗೆ ಹಣ್ಣಾಗಿರ್ತವೆ."